ಬೀಗರು ಬೇಡವೆಂದ ಚೆಲ್ಲೊ

ಚೆಲ್ಲೊ ಕಲಿಯಬೇಕು ಎಂದು ಕಳೆದ ತಿಂಗಳು ಇಬ್ಬರು ಹುನಗುಂದದ ನಮ್ಮ ಮನೆಗೆ ಬಂದಿದ್ದರು. ಒಬ್ಬಳು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವವಳು, ಇನ್ನೊಬ್ಬ ಬಾದಾಮಿಯ ಲಾಡ್ಜಿನಲ್ಲಿ ಕೆಲಸ ಮಾಡುವವನು. ಮೊಬೈಲಿನಲ್ಲಿ ಯಾರೋ ಬಾರಿಸಿದ್ದನ್ನು ಕೇಳಿ ಇಬ್ಬರೂ ಮರುಳಾಗಿದ್ದರು. ಇದನ್ನೇ ವೃತ್ತಿ ಮಾಡಿಕೊಂಡರೆ ಹೇಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಾರವ್ವ ಒಳಗಿನಿಂದ, "ಮುಂದ ಹೆಣ್ಮಕ್ಳ ಲಗ್ನಾ ಮಾಡೂದಿದ್ರ ಬ್ಯಾಡ" ಎಂದಳು. ಅವರಿಗೆ ಇನ್ನೂ ಇಪ್ಪತ್ತೆರಡು ದಾಟಿಲ್ಲ. ನಕ್ಕರು. ಶಾರವ್ವ ನಗಲಿಲ್ಲ.

ಅವಳ ಮಾತಿನಲ್ಲಿ ಸುಳ್ಳಿಲ್ಲ. ಬದುಕೆಲ್ಲ ಈ ವಾದ್ಯವನ್ನೇ ಬಾರಿಸಿ ಹೊಟ್ಟೆ ಹೊರೆದ ನನಗೆ, ಸ್ವಂತ ಮಗಳ ಮದುವೆಯಲ್ಲಿ ಅದನ್ನು ಮುಟ್ಟಕೂಡದು ಎಂದು ಬೀಗರು ಕರಾರು ಹಾಕಿದರು. ಮಗಳ ಮದುವೆಯಲ್ಲಿ ಯಮನ್ ರಾಗವನ್ನು ಪೂರ್ತಿ ಬಾರಿಸಬೇಕೆಂಬುದು ಅವಳು ಹುಟ್ಟಿದ ದಿನದಿಂದ ನನಗಿದ್ದ ಒಂದೇ ಆಸೆ. ಆದರೂ ಕರಾರಿಗೆ ಒಪ್ಪಿಕೊಂಡೆ. ಮಾತು ಅಷ್ಟು ದೂರ ಹೇಗೆ ಬಂತು ಎನ್ನುವುದನ್ನು ಹೇಳಿದರೆ ಈ ವೃತ್ತಿ ಎಂಥದೆಂದು ಆ ಇಬ್ಬರಿಗೂ ಗೊತ್ತಾದೀತು.

ಚೆಲ್ಲೊ ಪಿಟೀಲಿನ ಜಾತಿಯದೇ, ಆದರೆ ಹೆಚ್ಚುಕಡಿಮೆ ಆಳೆತ್ತರದ್ದು. ಹೆಗಲ ಮೇಲಲ್ಲ, ಕುರ್ಚಿಯಲ್ಲಿ ಕೂತು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ನಾನು ಕಲಿತದ್ದು ಮುಂಬಯಿಯಲ್ಲಿ. ಅಲ್ಲಿ ಗಿರಣಿಯಲ್ಲಿದ್ದ ಚಿಕ್ಕಪ್ಪನ ಚಾಳಿನ ಕೆಳಗೆ ಗೋವೆಯ ಮುದುಕರೊಬ್ಬರು ಪಾಠ ಹೇಳುತ್ತಿದ್ದರು. ಅವರ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತೆ. ಹಿಂದೂಸ್ತಾನಿಯನ್ನು ಕೇಳಿ ಕೇಳಿ ನಾನೇ ಅದರ ಮೇಲೆ ಕೂರಿಸಿಕೊಂಡೆ. ಅನ್ನಕ್ಕಾಗಿ ಸಿನಿಮಾ ರೆಕಾರ್ಡಿಂಗಿಗೆ ಹೋಗುತ್ತಿದ್ದೆ. ನಮ್ಮನ್ನು ಅಲ್ಲಿ ಕರೆಯುತ್ತಿದ್ದದ್ದು ನಾಯಕನ ತಾಯಿ ಸಾಯುವಾಗ ಮಾತ್ರ. ಮೂರು ಉದ್ದನೆಯ ಸ್ವರ ಎಳೆದರೆ ತಾಯಿ ಕಣ್ಣು ಮುಚ್ಚುತ್ತಿದ್ದಳು, ನಾವು ಚಹಾ ಕುಡಿಯಲು ಹೋಗುತ್ತಿದ್ದೆವು. ಎಷ್ಟು ತಾಯಂದಿರನ್ನು ಕಳಿಸಿಕೊಟ್ಟೆನೋ ಲೆಕ್ಕವಿಲ್ಲ.

ಆಮೇಲೆ ಕೀಬೋರ್ಡ್ ಬಂತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಚೆಲ್ಲೊ, ಇನ್ನೊಂದು ಒತ್ತಿದರೆ ಕೊಳಲು. ಎಂಟು ಜನ ಕೂರುತ್ತಿದ್ದ ಜಾಗದಲ್ಲಿ ಒಬ್ಬನೇ ಕೂತು ಎರಡು ಬೆರಳಿನಿಂದ ತಾಯಿಯನ್ನು ಸಾಯಿಸತೊಡಗಿದ. ನಾನು ಹೆಂಡತಿಯನ್ನೂ ವಾದ್ಯವನ್ನೂ ಕರೆದುಕೊಂಡು ಊರಿಗೆ ಬಂದೆ. ರೈಲಿನಲ್ಲಿ ವಾದ್ಯದ ಪೆಟ್ಟಿಗೆಯ ಮೇಲೆ ಯಾರೋ ಅಕ್ಕಿ ಚೀಲ ಒಗೆದು ಅದು ಚೂರಾಯಿತು. ವಾದ್ಯ ಹೇಗೋ ಉಳಿಯಿತು. ಶಾರವ್ವ ಹಳೆಯ ಸೀರೆಗಳನ್ನು ಸೇರಿಸಿ ಅದಕ್ಕೊಂದು ಕೌದಿ ಹೊಲಿದು ತಲೆಯೂ ಮುಚ್ಚುವಂತೆ ಹೊದಿಸಿದಳು.

ಆ ಕೌದಿಯೇ ಮೊದಲ ಪೀಕಲಾಟ ತಂದದ್ದು. ಬಾದಾಮಿಯಲ್ಲಿ ಮೊಕ್ಕಾಂ ಹೂಡಿದ್ದ ನಾಟಕ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ತುಂಬಿದ ಬಸ್ಸಿನಲ್ಲಿ ವಾದ್ಯವನ್ನು ತಬ್ಬಿಕೊಂಡು ನಿಂತಿದ್ದೆ. ಕಂಡಕ್ಟರ್ ದೂರದಿಂದಲೇ, "ಏ ತಮ್ಮಾ, ಆಯಿಗೆ ಜಾಗಾ ಬಿಡ, ಆರಾಮಿಲ್ಲ ಕಾಣತೈತಿ" ಎಂದು, ಕೌದಿ ಹೊದ್ದ ವಾದ್ಯವನ್ನು ಮುದುಕಿಯೆಂದು ತಿಳಿದು, ಒಬ್ಬನನ್ನು ಎಬ್ಬಿಸಿದ. ನಿಂತು ನಿಂತು ನನ್ನ ಕಾಲು ಸೋತಿದ್ದವು. ಸುಮ್ಮನೆ ವಾದ್ಯವನ್ನು ಕಿಟಕಿಯ ಬದಿಗೆ ಕೂರಿಸಿ ಪಕ್ಕದಲ್ಲಿ ಕೂತೆ. ಕಮತಗಿಯಲ್ಲಿ ಹತ್ತಿದ ಒಬ್ಬ ತಾಯಿ ಎದುರಿಗೆ ಕೂತು ಬಹಳ ಹೊತ್ತು ನೋಡಿದಳು.

"ಏನಾಗೇತ್ರಿ ಆಯಿಗೆ? ಉಸರೂ ತಗೊಳ್ಳವಲ್ಲಳು."

"ವಯಸ್ಸಾಗೇತ್ರಿ," ಎಂದೆ.

"ಒಂದ ಗುಟುಕ ನೀರ ಹಾಕ್ರಿ" ಎಂದು ಆಕೆ ಬಾಟಲಿ ತೆಗೆದು ಕೌದಿ ಸರಿಸಿದಳು. ಒಳಗಿನಿಂದ ಮರದ ಕುತ್ತಿಗೆ, ನಾಲ್ಕು ತಂತಿ ಕಂಡವು. ಆಕೆ ಕೂಗಲಿಲ್ಲ. ಬಾಟಲಿಯ ಮುಚ್ಚಳ ಹಾಕಿ, ನನ್ನನ್ನು ಕನಿಕರದಿಂದ ನೋಡಿ, "ನಿಮಗ ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದಳು. ಹೊಸಬರಿಗೆ ಮೊದಲ ಕಿವಿಮಾತು ಇದು. ಪೆಟ್ಟಿಗೆ ಕೊಳ್ಳಿರಿ.

ಕಂಪನಿಯ ಮಾಲಕರು ದೊಡ್ಡ ಮನುಷ್ಯರು, ಸಂಗೀತವೆಂದರೆ ಜೀವ ಬಿಡುವವರು. ಆದರೆ ನನ್ನ ವಾದ್ಯವನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮೊದಲ ತಿಂಗಳು ಅದರಿಂದ ಗುಡುಗು ಹೊರಡಿಸಿದರು. ಎರಡನೆಯ ತಿಂಗಳು ಜೀಪು ಸ್ಟಾರ್ಟ್ ಆಗುವ ಸದ್ದು. ಬಾದಾಮಿಯ ಬೇಸಿಗೆಗೆ ಬಂಡೆಯೇ ಸಿಡಿಯುತ್ತದೆ, ಚೆಲ್ಲೊದ ಅಂಟು ಎಲ್ಲಿ ನಿಲ್ಲಬೇಕು? ಬೆನ್ನಿನ ಹಲಗೆ ಬಾಯಿ ಬಿಟ್ಟಿತು. ರಂಗಸಜ್ಜಿಕೆಯ ಬಡಿಗ ನನ್ನ ಮೇಲಿನ ಪ್ರೀತಿಯಿಂದ, ನಾನು ಊಟಕ್ಕೆ ಹೋದಾಗ, ಎರಡು ಮೊಳೆ ಬಡಿದು ಸರಿ ಮಾಡಿದ. ಚೆಲ್ಲೊಗೆ ಮೊಳೆ ಹೊಡೆಯುವುದೆಂದರೆ ಹಸುಗೂಸಿಗೆ ಲಾಳ ಕಟ್ಟಿದ ಹಾಗೆ. ನಾನು ಅತ್ತೇ ಬಿಟ್ಟೆ. ಆ ಮೊಳೆಗಳು ಇವತ್ತಿಗೂ ಅಲ್ಲೇ ಇವೆ, ತೆಗೆದರೆ ಹಲಗೆ ಸೀಳುತ್ತದೆ.

ಮೂರನೆಯ ತಿಂಗಳು ನಾಟಕದ ತಾಯಿ ಸಾಯುವ ದೃಶ್ಯಕ್ಕೆ ನಾನೇ ಧೈರ್ಯ ಮಾಡಿ ಜೋಗಿಯಾ ರಾಗ ಎಳೆದೆ. ಡೇರೆಯ ಒಳಗಿದ್ದವರೆಲ್ಲ ಗೊಳೋ ಎಂದು ಅತ್ತರು. ಮುಂದಿನ ದೃಶ್ಯಕ್ಕೆ ಹಾಸ್ಯನಟ ಚಡ್ಡಿ ಜಾರಿಸಿಕೊಂಡು ಬಂದರೂ ಜನ ಅಳುತ್ತಲೇ ಇದ್ದರು. ಅವನು ಒಳಗೆ ಬಂದು ಪೇಟ ಬಿಸಾಡಿ, "ಮಾಲಕ್ರ, ಒಂದ ನಾ ಇರಬೇಕು, ಇಲ್ಲಾ ಈ ಅಳಬುರುಕ ಪಿಟೀಲ ಇರಬೇಕು" ಎಂದ. ಕಂಪನಿಗೆ ಹಾಸ್ಯವೇ ಅನ್ನ. ಮಾಲಕರು ನನ್ನನ್ನು ಗುಡುಗಿಗೆ ವಾಪಸು ಕಳಿಸಿದರು.

ಆದರೆ ಆ ದಿನ ಪ್ರೇಕ್ಷಕರಲ್ಲಿ ಕಮತಗಿಯ ಒಬ್ಬ ಜಮೀನುದಾರರ ಮಗನಿದ್ದ. ಎಂಟು ದಿನಕ್ಕೆ ಅವನ ತಂದೆ ತೀರಿಕೊಂಡರು. ತೊಂಬತ್ತರ ಮುದುಕರು, ಬದುಕಿದ್ದಷ್ಟು ದಿನ ಯಾರಿಗೂ ಸಿಹಿ ಮಾತು ಆಡಿದವರಲ್ಲ. ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ಭಜನೆ ನಡೆದಿತ್ತು. ಅಳುವವರೇ ಇಲ್ಲ. ದೂರದಿಂದ ಬಂದ ಬೀಗರು ಎದುರಿಗೆ ಕೂತು ಇವರ ಒಣ ಮುಖಗಳನ್ನು ನೋಡುತ್ತಿದ್ದರು. ಮಗ ಜೀಪಿನಲ್ಲಿ ಬಾದಾಮಿಗೆ ಬಂದು ನನ್ನ ಕೈ ಹಿಡಿದ.

"ಮಾಸ್ತರ, ಮರ್ಯಾದಿ ಉಳಸ್ರಿ. ನನಗೂ ಅಳು ಬರವಲ್ದು."

ಹೋದೆ. ಭಜನೆಯವರ ಹಿಂದೆ ಕೂತು ಜೋಗಿಯಾ ಶುರುಮಾಡಿದೆ. ಮೊದಲು ಹಿರಿ ಸೊಸೆ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಎಲ್ಲರೂ. ಟ್ರ್ಯಾಕ್ಟರ್ ಕೇಳಲು ಬಂದ ಪಕ್ಕದೂರಿನ ಮನುಷ್ಯ ಕಂಬ ತಬ್ಬಿಕೊಂಡು ಅತ್ತ. ಮಗ ನನ್ನನ್ನು ಬೀಳ್ಕೊಡುವಾಗ, "ಭಾಳ ಚಲೋ ಅಳಿಸಿದ್ರಿ" ಎಂದು ಶಾಲು ಹೊದಿಸಿದ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನನ್ನ ಜೋಗಿಯಾವನ್ನು ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿದ ಮೊದಲ ಸಭೆ ಅದು.

ಅಲ್ಲಿಂದ ನನ್ನ ಹೆಸರು ಹಬ್ಬಿತು. ಗುಡುಗು ಬಿಟ್ಟು ಹುನಗುಂದಕ್ಕೆ ಬಂದು ನೆಲೆಸಿದೆ. ಎಲ್ಲಿ ಸಾವಾದರೂ, ಎಲ್ಲಿ ಅಳು ಸಾಲದಿದ್ದರೂ ನನಗೆ ಕರೆ. ಮೊದಲೆರಡು ವರ್ಷ ಮದುವೆಗಳಿಗೂ ಕರೆದಿದ್ದರು, ಆಮೇಲೆ ನಿಲ್ಲಿಸಿದರು. ಸಾವಿನ ಮನೆಯಲ್ಲಿ ಕೇಳಿದ ದನಿಯನ್ನು ಚಪ್ಪರದಲ್ಲಿ ಕೇಳಲು ಯಾರಿಗೆ ಮನಸ್ಸಾದೀತು? ಕೂಡಲಸಂಗಮದ ಒಂದು ಮದುವೆಯಲ್ಲಿ ಯಮನ್ ಹಿಡಿದು ಇನ್ನೂ ಎರಡನೆಯ ಆವರ್ತಕ್ಕೆ ಹೋಗಿರಲಿಲ್ಲ, ಮದುಮಗನ ತಂದೆ ಬಂದು, "ಸಾಕ್ರಿ, ಊಟ ಮಾಡ್ರಿ" ಎಂದರು. ಆಗ ಸಂಜೆ ಆರು ಗಂಟೆ, ಊಟದ ಪಾತ್ರೆಗಳನ್ನೂ ತೊಳೆದಾಗಿತ್ತು.

ನಾನು ವಾದ್ಯ ಹೊತ್ತು ಓಣಿಯಲ್ಲಿ ನಡೆದರೆ ಜನ ಯಾರ ಬಾಗಿಲಿಗೆ ತಿರುಗುತ್ತೇನೆಂದು ನೋಡುತ್ತಿದ್ದರು. ಒಮ್ಮೆ ಹಳೆಯ ಗೆಳೆಯನನ್ನು ಮಾತಾಡಿಸಲೆಂದು ಅವನ ಮನೆಗೆ ಹೋದೆ. ಅವನ ತಂದೆ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು, ದವಾಖಾನೆಯವರೂ ಕೈಬಿಟ್ಟಿದ್ದರು. ಚೆಲ್ಲೊ ಹೊಸ್ತಿಲು ದಾಟಿದ್ದನ್ನು ಕಂಡ ಮುದುಕರು ಎದ್ದು ಕೂತು, "ನನಗ ಹಸಿವ್ಯಾಗೇತಿ, ರೊಟ್ಟಿ ತರ್ರಿ" ಎಂದರು. ಆರು ವರ್ಷ ಬದುಕಿದರು. ಆಮೇಲೆ ಬಹಳ ದಿನ, ಬಾರಿಸುವುದು ಬೇಡ, ಬರೀ ತಂದು ತೋರಿಸಿ ಹೋಗಿ ಎಂದು ಕರೆಯುವವರೂ ಹುಟ್ಟಿಕೊಂಡರು. ಹೋಗಿ ತೋರಿಸಿ ಬಂದಿದ್ದೇನೆ. ಕಲಾವಿದನಿಗೆ ಬಿಂಕ ಇರಬಾರದು.

ಇನ್ನು ನನ್ನ ಜೀವನದ ದೊಡ್ಡ ತಪ್ಪಿನ ವಿಷಯ. ಇಳಕಲ್ಲಿನಿಂದ ಕರೆ ಬಂದಿತ್ತು. ನೇಕಾರರ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಸದ್ದು. ಸಾವಾದರೆ ಆ ಓಣಿಯವರೆಲ್ಲ ಮಗ್ಗ ನಿಲ್ಲಿಸುತ್ತಾರೆ. ಹಾಗಾಗಿ ಕರೆಯಲು ಬಂದವನು ಮನೆಯ ಗುರುತು ಹೇಳದೆ, "ಮಗ್ಗ ನಿಂತ ಓಣಿ ನೋಡಿ ಬರ್ರಿ" ಎಂದಷ್ಟೇ ಹೇಳಿ ಹೋಗಿದ್ದ. ಆ ದಿನ ಅತ್ತ ಕಡೆಯ ನಾಲ್ಕು ಓಣಿಗಳಲ್ಲಿ ಕರೆಂಟು ಹೋಗಿ, ವಿದ್ಯುತ್ ಮಗ್ಗಗಳೆಲ್ಲ ನಿಂತುಬಿಟ್ಟಿದ್ದವು.

ನಾನು ಮೊದಲು ಸಿಕ್ಕ ನಿಶ್ಶಬ್ದ ಓಣಿಗೆ ತಿರುಗಿದೆ. ಒಂದು ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ತಲೆ ತಗ್ಗಿಸಿ ಮಾತಿಲ್ಲದೆ ಕೂತಿದ್ದರು. ಮೂಲೆಯಲ್ಲಿ ಒಬ್ಬರು ಮುಖದ ಮೇಲೆ ಬಿಳಿ ಧೋತರ ಎಳೆದುಕೊಂಡು ನೆಲಕ್ಕೆ ಉದ್ದಕ್ಕೆ ಮಲಗಿದ್ದರು. ಇನ್ನೂ ಕೂರಿಸಿಲ್ಲ, ಬೇಗ ಬಂದೆ ಎಂದುಕೊಂಡೆ. ಸಾವಿನ ಮನೆಗೆ ಹೋದಾಗ ಯಾರನ್ನೂ ಮಾತಾಡಿಸುವ ರೂಢಿಯಿಲ್ಲ. ಸುಮ್ಮನೆ ಒಂದು ಸ್ಟೂಲಿನ ಮೇಲೆ ಕೂತು ಕೌದಿ ಬಿಚ್ಚಿ ಜೋಗಿಯಾ ಎಳೆದೆ.

ಆ ಹೆಂಗಸರು ಕೂತಿದ್ದದ್ದು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವ ಕೆಲಸಕ್ಕೆ. ಒಂದು ಎಳೆ ತಪ್ಪಿದರೆ ಸೀರೆಯೇ ಕೆಟ್ಟಿತೆಂದು ತಲೆ ಎತ್ತುವುದಿಲ್ಲ, ಮಾತಾಡುವುದಿಲ್ಲ. ನನ್ನ ದನಿ ಕೇಳಿ ತಲೆ ಎತ್ತಿದರು. ನನ್ನನ್ನು ನೋಡಿದರು, ವಾದ್ಯ ನೋಡಿದರು, ಮೂಲೆಯ ಮುದುಕರನ್ನು ನೋಡಿದರು. ಹಿರಿಯ ಸೊಸೆ ಕೈಯೊಳಗಿನ ಎಳೆ ಬಿಟ್ಟು, "ಅಯ್ಯ ನಮ್ಮ ಮಾವಾರ" ಎಂದು ಅಳತೊಡಗಿದಳು. ಉಳಿದವರೂ ದನಿಗೂಡಿಸಿದರು. ಅಕ್ಕಪಕ್ಕದವರು ಓಡಿ ಬಂದರು. ಒಬ್ಬ ಹೂವಿನ ಹಾರ ತರಲು ಸೈಕಲ್ ಹತ್ತಿದ. ನಾನು ಜೋಗಿಯಾದ ಎರಡನೆಯ ಭಾಗಕ್ಕೆ, ಅಂತರಾಕ್ಕೆ ಬಂದಿದ್ದೆ, ಅಷ್ಟು ಚೆನ್ನಾಗಿ ಯಾವತ್ತೂ ಬಾರಿಸಿರಲಿಲ್ಲ.

ಹತ್ತು ನಿಮಿಷಕ್ಕೆ ಧೋತರ ಸರಿಯಿತು. ಮುದುಕರು ಎದ್ದು ಕೂತರು. ಅವರ ಹೆಸರು ಈರಪ್ಪಜ್ಜ. ಬೆನ್ನು ಹಿಡಿದಿದ್ದಕ್ಕೆ ನೆಲಕ್ಕೆ ಮಲಗಿದ್ದರಂತೆ.

"ಎಚ್ಚರಾದ ಕೂಡ್ಲೆ ಹೇಳಬಾರದೇನ್ರಿ ಅಜ್ಜಾರ?" ಎಂದು ನಾನು ಕಂಗಾಲಾಗಿ ಕೇಳಿದೆ.

"ಏನ ಹೇಳ್ಲಿ? ನಿಮ್ಮ ದನಿ ಕೇಳಿ ನಾನೂ ಖರೇನ ಸತ್ತೇನಿ ಅಂತ ತಿಳಕೊಂಡಿದ್ದೆ."

ಅವರ ಸಿಟ್ಟು ಸತ್ತರೆಂದು ಅತ್ತಿದ್ದಕ್ಕಲ್ಲ. ಆ ಹತ್ತು ನಿಮಿಷ ಯಾರು ಹೇಗೆ ಅತ್ತರೆಂದು ಕಿವಿಗೊಟ್ಟು ಕೇಳಿದ್ದರು. ಕಿರಿ ಸೊಸೆಯ ಅಳು ಅವರಿಗೆ ಸಾಲದಾಗಿತ್ತು. ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟರಂತೆ. ಹೊಸಬರಿಗೆ ಎರಡನೆಯ ಕಿವಿಮಾತು. ಎಲ್ಲಿಗೇ ಹೋಗಿ, ಕಮಾನು ಎತ್ತುವ ಮೊದಲು ಸತ್ತವರು ಯಾರೆಂದು ಕೇಳಿಕೊಳ್ಳಿ, ರೂಢಿ ಹಾಳಾಗಿ ಹೋಗಲಿ.

ವೃತ್ತಿಯ ಕೊನೆಯ ವರ್ಷಗಳಲ್ಲಿ ಮೊಬೈಲ್ ಬಂದು ನನ್ನ ಕೆಲಸವನ್ನು ನನ್ನಿಂದಲೇ ಕಿತ್ತುಕೊಂಡಿತು. ಯಾರೋ ನನ್ನ ಜೋಗಿಯಾವನ್ನು ರೆಕಾರ್ಡ್ ಮಾಡಿ ಊರೂರಿಗೆ ಕಳಿಸಿದರು. ಬಾಗಲಕೋಟೆ ನವನಗರದ ಒಂದು ಮನೆಗೆ ಹೋದರೆ ನಾನು ಆಗಲೇ ಸ್ಪೀಕರಿನಲ್ಲಿ ಬಾರಿಸುತ್ತಿದ್ದೆ. ಆ ರೆಕಾರ್ಡಿಂಗಿನಲ್ಲಿ ನಡುವೆ ಒಮ್ಮೆ ಕೆಮ್ಮಿದ್ದೇನೆ. ಜನ ಅದನ್ನು ಬಿಕ್ಕು ಎಂದುಕೊಂಡು ಅಲ್ಲಿಗೆ ಬಂದಾಗ ಇನ್ನಷ್ಟು ಜೋರಾಗಿ ಅಳುತ್ತಿದ್ದರು. ಬೇರೊಂದು ಮನೆಯಲ್ಲಿ ನಾನೇ ಖುದ್ದು ಕೂತು ಬಾರಿಸಿದಾಗ, ಆ ಮನೆಯವರು, "ಯಾಕ್ರಿ ಮಾಸ್ತರ, ಕೆಮ್ಮಲೇ ಇಲ್ಲ" ಎಂದು ಬೇಜಾರು ಮಾಡಿಕೊಂಡರು. ಆ ದಿನ ಮನೆಗೆ ಬಂದು ವೃತ್ತಿ ಬಿಟ್ಟೆ.

ವಾದ್ಯವನ್ನು ಬಿಡಲಿಲ್ಲ. ಮಗಳು ನೀಲಾ ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ಮದುವೆಗೆಂದು ಒಂದು ವರ್ಷ ಮೊದಲೇ ದಿನಾ ಸಂಜೆ ಯಮನ್ ಅಭ್ಯಾಸ ಶುರುಮಾಡಿದೆ. ಎಲ್ಲರ ಸಾವಿಗೂ ಬಾರಿಸಿದ್ದಾಯಿತು, ನನ್ನ ಕೂಸಿನ ಸಂತೋಷಕ್ಕೆ ಒಂದು ಸಲ ಬಾರಿಸದಿದ್ದರೆ ಈ ಕೈಗಳು ಯಾಕೆ ಎನ್ನಿಸುತ್ತಿತ್ತು. ಆಗ ನೀಲಾ ತಾನೇ ಬಂದು, ತನ್ನ ಶಾಲೆಯ ಎದುರಿಗೆ ಸೀರೆ ಅಂಗಡಿ ಇಟ್ಟಿರುವ ಮಂಜುನಾಥ ಎಂಬ ಹುಡುಗ ಒಪ್ಪಿಗೆಯಾಗಿದ್ದಾನೆ ಎಂದಳು. ನಾವಿಬ್ಬರೂ ಮಾತುಕತೆಗೆಂದು ಇಳಕಲ್ಲಿಗೆ ಹೋದೆವು. ಓಣಿ ತಿರುಗಿದಾಗಲೇ ನನಗೆ ಗುರುತು ಹತ್ತಿತು. ಅದೇ ಪಡಸಾಲೆ, ಅದೇ ಮೂಲೆ, ಅದೇ ಈರಪ್ಪಜ್ಜ. ಹುಡುಗ ಅವರ ಮೊಮ್ಮಗ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚಹಾ ಆಯಿತು. ಸಕ್ಕರೆ ಹಂಚುವ ಹೊತ್ತಿಗೆ ಬಾಯಿ ಬಿಟ್ಟರು.

"ಹುಡಿಗಿ ಒಪ್ಪಿಗಿ, ಮನಿತಾನ ಒಪ್ಪಿಗಿ. ಒಂದ ಮಾತೈತಿ. ಆ ವಾದ್ಯ ಲಗ್ನದಾಗ ಬರಬಾರದು."

"ಲಗ್ನ ನಮ್ಮ ಮನಿ ಮುಂದ ಆಗತೈತಿ ಅಜ್ಜಾರ. ಅದು ಎಲ್ಲಿ ಹೋಗಬೇಕ್ರಿ?"

"ಕೋಣ್ಯಾಗ ಇಟ್ಟು ಕೀಲಿ ಹಾಕ್ರಿ. ಅದರ ದನಿ ಕೇಳಿದ್ರ ನನ್ನ ಸೊಸ್ತೇರು ನನ್ನ ಕಡಿ ನೋಡತಾರ."

ಶಾರವ್ವ ನನ್ನ ಮುಖ ನೋಡಲಿಲ್ಲ. ನಾನು ಆಯಿತು ಎಂದೆ. ಮನೆಗೆ ಬಂದು ನೀಲಾಳಿಗೆ ಹೇಳಿದಾಗ ಅವಳು, "ನಾ ಬ್ಯಾಡಂತ ಹೇಳ್ತೇನಿ" ಎಂದಳು. ಅವಳಿಗೆ ಆ ಹುಡುಗನ ಮೇಲೆ ಎಷ್ಟು ಮನಸ್ಸಿತ್ತೆಂದು ನನಗೆ ಗೊತ್ತಿತ್ತು. ಒಂದು ರಾಗಕ್ಕಾಗಿ ಮಗಳ ಬಾಳಿಗೆ ಅಡ್ಡ ಬರುವ ಅಪ್ಪ ನಾನಲ್ಲ ಎಂದು ಗದರಿದೆ.

ಮದುವೆಯ ದಿನ ಚೆಲ್ಲೊ ಒಳಕೋಣೆಯಲ್ಲಿ, ಕೀಲಿಕೈ ಶಾರವ್ವನ ಸೊಂಟದಲ್ಲಿ. ಅಕ್ಷತೆ ಬಿತ್ತು, ಊಟವಾಯಿತು, ಸಂಜೆ ಹೆಣ್ಣು ಒಪ್ಪಿಸಿ ಕೊಡುವ ಹೊತ್ತು ಬಂತು. ಈ ಹೊತ್ತಿಗೆ ಮದುಮಗಳು ಅಳಬೇಕು, ತಾಯಿ ಅಳಬೇಕು, ನೋಡುವವರೂ ಅಳಬೇಕು. ಬಾಗಿಲ ಮುಂದೆ ಗಾಡಿಗಳು ನಿಂತಿದ್ದವು. ಹೆಂಗಸರು ಸೆರಗು ಕೈಯಲ್ಲಿ ಹಿಡಿದು ತಯಾರಾಗಿದ್ದರು. ನೀಲಾ ಮಾತ್ರ ನಗುಮುಖದಿಂದ ನಿಂತಿದ್ದಳು.

"ಅಳವಾ ತಂಗಿ, ಎಲ್ಲಾರೂ ಕಾಯಾಕತ್ತಾರ" ಎಂದಳು ಗಂಡಿನ ಕಡೆಯ ಅತ್ತೆಯೊಬ್ಬಳು.

"ಅಳು ಬರವಲ್ದು ಅತ್ತಿ, ಏನ ಮಾಡ್ಲಿ? ಇಳಕಲ್ಲ ಅರ್ಧಾ ತಾಸಿನ ದಾರಿ. ನಾ ದಿನಾ ಹೋಗಿ ಬರಾಕಿ."

ವಿಡಿಯೋದವನು ಕ್ಯಾಮೆರಾ ಇಳಿಸಿ, ಅಳುವ ಭಾಗ ಇಲ್ಲದಿದ್ದರೆ ವಿಡಿಯೋ ಹೇಗೆ ಮುಗಿಸಲಿ ಎಂದ. ಶಾರವ್ವನ ಕಡೆ ತಿರುಗಿದರೆ ಅವಳು ಅಡಿಗೆಯವನ ಜೊತೆ ಪಾತ್ರೆಗಳ ಜಗಳದಲ್ಲಿದ್ದಳು. ಒಣಗಣ್ಣಿನಲ್ಲಿ ಬಂದ ಸೊಸೆ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆಯರೆಲ್ಲ ಗುಸುಗುಸು ಶುರುಮಾಡಿದರು. ಗುಸುಗುಸು ದೊಡ್ಡದಾಯಿತು. ಕೊನೆಗೆ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ಈರಪ್ಪಜ್ಜ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದರು. ಅವರಿಗೂ ಕಷ್ಟವಾಗಿತ್ತು, ಮುಖ ಬೇರೆ ಕಡೆ ಮಾಡಿಕೊಂಡೇ ಮಾತಾಡಿದರು.

"ಬೀಗರ, ಅದನ್ನ ತರ್ರಿ. ಒಂದ ಐದ ನಿಮಿಷ ಅಳಸ್ರಿ. ನಾ ಗಾಡ್ಯಾಗ ಕುಂತಿರ್ತೇನಿ, ಎಲ್ಲಾರಿಗೂ ಕಾಣೂ ಹಂಗ."

ಶಾರವ್ವ ಕೀಲಿ ತೆಗೆದಳು. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ವಿಡಿಯೋದವನು ದೀಪ ಹಿಡಿದ. ನಾನು ಜೋಗಿಯಾದ ಮೊದಲ ಸ್ವರಕ್ಕೆ ಬೆರಳಿಟ್ಟೆ. ಬೆರಳು ಒಪ್ಪಲಿಲ್ಲ. ಊರಿನವರನ್ನೆಲ್ಲ ಅಳಿಸಿದ ಸ್ವರದಿಂದ ನನ್ನ ಕೂಸನ್ನು ಅಳಿಸಲು ನನ್ನಿಂದ ಆಗಲಿಲ್ಲ. ಬೆರಳು ಸರಿಸಿ ಯಮನ್ ಶುರುಮಾಡಿದೆ.

ಶುರುಮಾಡಿದೆನಷ್ಟೇ, ನನಗೇ ಅಳು ಬಂದುಬಿಟ್ಟಿತು. ಇಷ್ಟು ವರ್ಷ ಕಣ್ಣು ಒಣಗಿಸಿಕೊಂಡು ಬೇರೆಯವರನ್ನು ಅಳಿಸಿದವನು, ಓಣಿಯ ಜನರ ಮುಂದೆ ಹುಡುಗನ ಹಾಗೆ ಬಿಕ್ಕಿದೆ. ಸ್ವರ ಜಾರಿತು. ಹೆಂಗಸರು ಸೆರಗು ಮೇಲೆತ್ತಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನೀಲಾ ದಂಡೆ, ಬಾಸಿಂಗ, ಜರಿಯ ಸೀರೆಯ ಸಮೇತ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು.

"ಅಪ್ಪಾ, ನೀ ಅಳಬ್ಯಾಡ. ಬಾರಸ."

ಬಾರಿಸಿದೆ. ಡ್ರೈವರ್ ಹೊತ್ತಾಯಿತೆಂದು ಇಂಜಿನ್ ಸ್ಟಾರ್ಟ್ ಮಾಡಿದ. ರಾಹುಕಾಲ ಬರುತ್ತದೆ, ಹುಡುಗಿ ಅತ್ತಿಲ್ಲ ಎಂದು ಅತ್ತೆಯರು ಒಟ್ಟಿಗೇ ಬಾಯಿ ಹಾಕಿದರು. ಗಾಡಿಯಿಂದ ಈರಪ್ಪಜ್ಜನ ದನಿ ಕೇಳಿತು.

"ಗಾಡಿ ಬಂದ ಮಾಡಲೇ. ಪೂರ್ತಿ ಮುಗೀಲಿ."

ಇಂಜಿನ್ ನಿಂತಿತು. ಹಿಂದಿನ ಎರಡು ಗಾಡಿಗಳೂ ನಿಂತವು. ನಿಬ್ಬಣದವರೆಲ್ಲ ಬಾಗಿಲು ತೆರೆದಿಟ್ಟುಕೊಂಡು ಗಾಡಿಗಳಲ್ಲೇ ಕೂತು ಕೇಳಿದರು. ನಾನು ಯಮನ್‌ನ ಒಂದು ಸ್ವರವನ್ನೂ ಬಿಡದೆ ಮುಗಿಸಿದೆ. ನೀಲಾ ಅಳಲಿಲ್ಲ. ನನ್ನ ಕೆಲಸದಲ್ಲಿ, ಅಳಿಸಲೆಂದು ಕರೆಸಿಕೊಂಡ ಮೇಲೂ ನಾನು ಅಳಿಸದೆ ಬಿಟ್ಟದ್ದು ಅವಳೊಬ್ಬಳನ್ನೇ.